1.5 ಟನ್ ಇನ್ವರ್ಟರ್ ಎಸಿ: ಹುಬ್ಬಳ್ಳಿಗೆ 3 ಸ್ಟಾರ್ ಸಾಕು, ಫಿಟಿಂಗ್ ಮಾತ್ರ 5 ಸ್ಟಾರ್ ಇರಲಿ

ಶಿವರಾತ್ರಿ ಮುಗಿದರೆ ಸಾಕು, ಕೊಪ್ಪಿಕರ್ ರೋಡಿನಿಂದ ಗೋಕುಲ ರೋಡಿನವರೆಗೆ ಅಂಗಡಿಗಳ ಮುಂದೆ ಎಸಿ ಡಬ್ಬಿಗಳು ಬಂದು ಕೂರುತ್ತವೆ. ಒಳಗೆ ಹೋದರೆ ಮೊದಲ ಪ್ರಶ್ನೆ, "ಎಷ್ಟ್ ಟನ್ ಬೇಕ್ರೀ?" ಎರಡನೆಯದು, "ತ್ರೀ ಸ್ಟಾರೋ, ಫೈವ್ ಸ್ಟಾರೋ?" ಡಬ್ಬಿಯ ಮೇಲಂತೂ ಡ್ಯುಯಲ್ ಇನ್ವರ್ಟರ್, 5-ಇನ್-1 ಕನ್ವರ್ಟಿಬಲ್, ಬ್ಲೂ ಫಿನ್, 52 ಡಿಗ್ರಿಯಲ್ಲೂ ತಂಪು ಎಂದು ಇಪ್ಪತ್ತು ಮಾತು. ಇವುಗಳಲ್ಲಿ ದುಡ್ಡು ಕೊಡಬೇಕಾದ ಮಾತು ಮೂರೋ ನಾಲ್ಕೋ. ಇದು ಯಾವುದೇ ಒಂದು ಕಂಪನಿಯ ವಿಮರ್ಶೆ ಅಲ್ಲ. ಈ ಭಾಗದ ಮನೆಗಳಿಗೆ ಅತಿ ಹೆಚ್ಚು ಹೋಗುವ 1.5 ಟನ್ ಇನ್ವರ್ಟರ್ ಸ್ಪ್ಲಿಟ್ ಎಸಿ ಎಂಬ ಸರಕಿನದು. ಸಾಮರ್ಥ್ಯ, ದಕ್ಷತೆ ಎರಡೂ ಒಂದೇ ಇದ್ದರೆ ಕಂಪನಿ ಕಂಪನಿಗಳ ನಡುವಿನ ಅಂತರಕ್ಕಿಂತ ಅದನ್ನು ಫಿಟ್ ಮಾಡುವ ಇಬ್ಬರು ಮೆಕ್ಯಾನಿಕ್‌ಗಳ ನಡುವಿನ ಅಂತರವೇ ದೊಡ್ಡದು.

ಟನ್ ಲೆಕ್ಕ ಹುಟ್ಟಿದ್ದು ಮಂಜುಗಡ್ಡೆಯಿಂದ. ಒಂದು ಟನ್ ಮಂಜುಗಡ್ಡೆಯನ್ನು 24 ತಾಸಿನಲ್ಲಿ ಕರಗಿಸಲು ಎಷ್ಟು ಶಾಖ ಬೇಕೋ ಅಷ್ಟನ್ನು ಕೋಣೆಯಿಂದ ಹೊರಹಾಕುವ ಶಕ್ತಿ ಅದು: ತಾಸಿಗೆ 12,000 ಬಿಟಿಯು (ಶಾಖ ಅಳೆಯುವ ಒಂದು ಮಾಪ), ಅಂದರೆ ಸುಮಾರು 3,517 ವ್ಯಾಟ್. ಆ ಲೆಕ್ಕಕ್ಕೆ 1.5 ಟನ್ ಎಸಿ 5,275 ವ್ಯಾಟ್ ಶಾಖ ಎಳೆಯಬೇಕು. ಮಾರುಕಟ್ಟೆಯಲ್ಲಿ 1.5 ಟನ್ ಎಂದು ಮಾರುವ ಎಷ್ಟೋ ಮಾಡೆಲ್‌ಗಳ ಲೇಬಲ್ ಮೇಲೆ 4,700, 4,800 ಎಂದಷ್ಟೇ ಇರುತ್ತದೆ. ಕೆಲವು 5,000 ದಾಟುತ್ತವೆ. ಹೆಸರು ಒಂದೇ, ತಂಪು ಹತ್ತು ಪರ್ಸೆಂಟ್ ಆಚೀಚೆ. ಸ್ಟಾರ್ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ಬಿಇಇಯ ಲೇಬಲ್ ಮೇಲೆ 'ಕೂಲಿಂಗ್ ಕೆಪ್ಯಾಸಿಟಿ 100%' ಎಂಬ ಸಾಲನ್ನು ಓದಿ, 5,000 ವ್ಯಾಟ್ ಹತ್ತಿರ ಇರುವುದನ್ನೇ ಕೇಳಿ. ಈ ಅಂಕಿ ಹೊರಗೆ 35 ಡಿಗ್ರಿ, ಒಳಗೆ 27 ಡಿಗ್ರಿ ಇಟ್ಟು ಅಳೆದದ್ದು ಎಂಬುದು ನೆನಪಿರಲಿ. ಗದಗದ ಮೇ ತಿಂಗಳ ಮಧ್ಯಾಹ್ನ, ಬಿಸಿಲು ಬೀಳುವ ಗಚ್ಚಿನ ಮೇಲೆ ಕೂತ ಔಟ್‌ಡೋರ್ ಯೂನಿಟ್ಟಿನಿಂದ ಅಷ್ಟು ಸಿಗುವುದಿಲ್ಲ.

ಕೋಣೆಯ ಅಳತೆಗೆ ಬಂದರೆ 110-120 ಚದರ ಅಡಿವರೆಗೆ 1 ಟನ್, 180ರವರೆಗೆ 1.5 ಎಂಬುದು ರೂಢಿಯ ಲೆಕ್ಕ. ನಮ್ಮಲ್ಲಿ ಅದನ್ನು ಕೆಡಿಸುವುದು ಸ್ಲ್ಯಾಬು. ವಿದ್ಯಾನಗರ, ಕೇಶ್ವಾಪುರದ ಮನೆಗಳ ಮೇಲಿನ ಮಹಡಿಯ ಆರ್‌ಸಿಸಿ ಸ್ಲ್ಯಾಬ್ ಹಗಲೆಲ್ಲ ಕಾದು, ಆ ಶಾಖವನ್ನು ರಾತ್ರಿ ಹತ್ತರವರೆಗೂ ಕೋಣೆಗೆ ಬಿಡುತ್ತದೆ. ಹೊರಗೆ ಪಡುವಣ ಗಾಳಿ ತಂಪಾಗಿ ಬೀಸುತ್ತಿರುತ್ತದೆ, ಒಳಗೆ ಮಾತ್ರ ಕಾವು. ಇಂಥ ಕಡೆ 120 ಚದರ ಅಡಿಗೂ 1.5 ಟನ್ನೇ ಬೇಕಾಗುತ್ತದೆ. ಆದರೆ ಅದಕ್ಕಿಂತ ಮೊದಲು ಸ್ಲ್ಯಾಬಿಗೆ ಬಿಳಿ ಕೂಲ್ ರೂಫ್ ಪೇಂಟ್ ಎರಡು ಕೋಟ್ ಹೊಡೆಸಿ. ಅರ್ಧ ಟನ್ನಿನ ದುಡ್ಡು ಅಲ್ಲೇ ಉಳಿದೀತು. ಧಾರವಾಡದ ಹಳೆಯ ಮಂಗಳೂರು ಹಂಚಿನ ಮನೆಗೆ ಕೆಳಗೆ ಸೀಲಿಂಗ್ ಇಲ್ಲದೆ ಎಸಿ ಹಾಕುವುದು ದಂಡ, ತಂಪೆಲ್ಲ ಹಂಚಿನ ಸಂದಿಯಿಂದ ಹೋಗುತ್ತದೆ. ಗದಗ, ರೋಣದ ಕಡೆಯ ಮಣ್ಣಿನ ಮಾಳಿಗೆ ಮನೆಗಳವರಿಗೆ ಈ ಲೇಖನವೇ ಬೇಡ.

ಇನ್ನು ಸ್ಟಾರ್. ಸ್ಟಾರ್ ಎಣಿಸಬೇಡಿ, ಲೇಬಲ್ ಮೇಲಿನ ಐಸೀರ್ (ISEER) ಅಂಕಿ ನೋಡಿ. ಭಾರತದ ಹವೆಗೆ ತಕ್ಕಂತೆ, ಹೊರಗಿನ ಉಷ್ಣಾಂಶ 24ರಿಂದ 43 ಡಿಗ್ರಿವರೆಗೆ ಬದಲಾಗುತ್ತದೆಂದು ಹಿಡಿದು, ವರ್ಷಕ್ಕೆ 1,600 ತಾಸು ಓಡಿಸಿದರೆ ಒಂದು ಯೂನಿಟ್ ಕರೆಂಟಿಗೆ ಎಷ್ಟು ಯೂನಿಟ್ ಶಾಖ ಹೊರಹೋಗುತ್ತದೆ ಎಂಬ ಸರಾಸರಿ ಅದು. ಸ್ಟಾರ್ ಪಟ್ಟಿಯನ್ನು ಬಿಇಇ ಆಗಾಗ ಬಿಗಿ ಮಾಡುತ್ತದೆ. ಹಳೆಯ ಸ್ಟಾಕಿನ 5 ಸ್ಟಾರ್ ಹೊಸ ಪಟ್ಟಿಯಲ್ಲಿ 4 ಆಗಿರಬಹುದು, ಹಾಗಾಗಿ ಲೇಬಲ್ ಅವಧಿಯನ್ನೂ ನೋಡಿಕೊಳ್ಳಿ.

5,000 ವ್ಯಾಟಿನ ಎರಡು ಎಸಿ ತೆಗೆದುಕೊಳ್ಳೋಣ. ಐಸೀರ್ 3.9 ಇರುವುದು (2025ರವರೆಗಿನ ಪಟ್ಟಿಯಲ್ಲಿ 3 ಸ್ಟಾರ್) 1,600 ತಾಸಿಗೆ ಸುಮಾರು 970 ಯೂನಿಟ್ ಎಳೆಯುತ್ತದೆ, 5.1 ಇರುವುದು (ಅದೇ ಪಟ್ಟಿಯಲ್ಲಿ 5 ಸ್ಟಾರ್) ಸುಮಾರು 745. ಅಂತರ 225 ಯೂನಿಟ್. ಆದರೆ ಹುಬ್ಬಳ್ಳಿಯಲ್ಲಿ ಮನೆಯ ಎಸಿ 1,600 ತಾಸು ಎಲ್ಲಿ ಓಡುತ್ತದೆ? ಮಾರ್ಚ್ ನಡುವಿನಿಂದ ಮೇ ಕೊನೆಯವರೆಗೆ ರಾತ್ರಿ ಎಂಟು ತಾಸು ಎಂದರೂ 600ರ ಆಸುಪಾಸು ಅಷ್ಟೇ. ಅಲ್ಲಿಗೆ ಉಳಿತಾಯ 84 ಯೂನಿಟ್, ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ ವರ್ಷಕ್ಕೆ 590 ರೂಪಾಯಿ. ಎರಡರ ಬೆಲೆಯಲ್ಲಿ ಏಳೆಂಟು ಸಾವಿರ ಅಂತರವಿದ್ದರೆ ಅದು ಹುಟ್ಟಲು ಹನ್ನೆರಡು, ಹದಿಮೂರು ವರ್ಷ ಬೇಕು. ಅಷ್ಟರಲ್ಲಿ ಎಸಿಯೇ ಗುಜರಿಗೆ ಹೋಗಿರುತ್ತದೆ. ರಾತ್ರಿ ಮಲಗಲಷ್ಟೇ ಹಾಕುವವರಿಗೆ 3 ಸ್ಟಾರ್ ಸಾಕು. ದಿನವಿಡೀ ಓಡುವ ದವಾಖಾನೆ, ಬಟ್ಟೆ ಅಂಗಡಿಗೆ 5 ಸ್ಟಾರ್.

ಇದಕ್ಕೊಂದು ಅಪವಾದ ಗೃಹಜ್ಯೋತಿ. ಹಿಂದಿನ ಸರಾಸರಿ ಬಳಕೆಯ ಮೇಲೆ 10 ಪರ್ಸೆಂಟ್ ಸೇರಿಸಿದಷ್ಟು ಪುಕ್ಕಟೆ. ಅದನ್ನು ಮೀರಿ 200 ಯೂನಿಟ್ ಒಳಗಿದ್ದರೆ ಹೆಚ್ಚುವರಿಗಷ್ಟೇ ಬಿಲ್ಲು. 200 ದಾಟಿತೋ, ಆ ತಿಂಗಳ ಪೂರ್ತಿ ಬಿಲ್ಲು ನಿಮ್ಮದೇ. ತಿಂಗಳಿಗೆ 75 ಯೂನಿಟ್ ಸುಡುವ ಸಣ್ಣ ಸಂಸಾರ ಎಂದುಕೊಳ್ಳಿ. 3 ಸ್ಟಾರ್ ಎಸಿ ರಾತ್ರಿಗೆ ಸುಮಾರು 5 ಯೂನಿಟ್ ಎಳೆದರೆ ಒಟ್ಟು 225, ಪೂರ್ತಿ ಬಿಲ್ಲು. 5 ಸ್ಟಾರ್ ಆದರೆ ಸುಮಾರು 3.8 ಯೂನಿಟ್, ಒಟ್ಟು 190. ಪುಕ್ಕಟೆಯ 82 ಕಳೆದು 108ಕ್ಕೆ ಕೊಟ್ಟರಾಯಿತು. ಇಂಥ ಮನೆಗೆ ಆ ಏಳೆಂಟು ಸಾವಿರ ಬೇಗ ಹುಟ್ಟುತ್ತದೆ. ಮೊದಲೇ 120-130 ಯೂನಿಟ್ ಬಳಸುವವರು ಎಷ್ಟು ಸ್ಟಾರ್ ತಂದರೂ 200 ದಾಟುತ್ತಾರೆ. ಅಂಗಡಿಗೆ ಹೋಗುವ ಮುನ್ನ ಕಳೆದ ಏಪ್ರಿಲ್‌ನ ಹೆಸ್ಕಾಂ ಬಿಲ್ ತೆಗೆದು ನೋಡಿ.

2020ರ ಜನವರಿಯಿಂದ ಸ್ಟಾರ್ ಲೇಬಲ್ಲಿನ ಎಸಿಗಳೆಲ್ಲ ಚಾಲೂ ಮಾಡಿದಾಗ 24 ಡಿಗ್ರಿಗೆ ನಿಲ್ಲಬೇಕೆಂಬ ನಿಯಮವಿದೆ. ಅದನ್ನು 26ಕ್ಕೆ ಏರಿಸಿ ಫ್ಯಾನನ್ನು ಒಂದೆರಡರಲ್ಲಿ ತಿರುಗಿಸಿ. ಒಂದು ಡಿಗ್ರಿಗೆ 6 ಪರ್ಸೆಂಟ್ ಉಳಿತಾಯ ಎಂಬುದು ಬಿಇಇ ಲೆಕ್ಕ. 18ಕ್ಕೆ ಇಟ್ಟರೆ ಕೋಣೆ ಬೇಗ ತಂಪಾಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಇನ್ವರ್ಟರ್ ಎಸಿ 24 ಎಂದು ಹೇಳಿದರೂ ಮೊದಲು ಪೂರ್ತಿ ವೇಗದಲ್ಲೇ ಓಡಿ, ಗುರಿ ಹತ್ತಿರ ಬಂದಾಗ ಕಂಪ್ರೆಸರ್ ನಿಧಾನ ಮಾಡಿಕೊಳ್ಳುತ್ತದೆ. ಇನ್ವರ್ಟರ್ ಎಂದರೆ ಇಲ್ಲಿ ಅಷ್ಟೇ, ವೇಗ ಬದಲಿಸುವ ಕಂಪ್ರೆಸರ್. ಕರೆಂಟ್ ಹೋದಾಗ ಮನೆಯ ಬ್ಯಾಟರಿಯ ಮೇಲೆ ನಡೆಯುತ್ತದೆ ಎಂದು ತಿಳಿದು ಕೊಂಡವರು ಇಂದಿಗೂ ಇದ್ದಾರೆ. 5-ಇನ್-1 ಕನ್ವರ್ಟಿಬಲ್ ಎಂದರೆ ಆ ವೇಗಕ್ಕೆ ನೀವೇ ರಿಮೋಟಿನಿಂದ ಮಿತಿ ಹಾಕುವುದು. ಒಬ್ಬರೇ ಮಲಗುವ ರಾತ್ರಿ ಪ್ರಯೋಜನಕ್ಕೆ ಬರುತ್ತದೆ, ಅದಕ್ಕೆಂದು ಹೆಚ್ಚು ಕೊಡುವುದು ಬೇಡ. 52 ಡಿಗ್ರಿಯ ಮಾತು ರಾಜಸ್ಥಾನಕ್ಕಿರಲಿ. ಹಾಟ್ ಅಂಡ್ ಕೋಲ್ಡ್ ಮಾಡೆಲ್ ಶಾಖದ ದಿಕ್ಕು ತಿರುಗಿಸಿ ಚಳಿಗಾಲದಲ್ಲಿ ಕೋಣೆ ಬಿಸಿ ಮಾಡುತ್ತದೆ, ಮಾಡುವ ಕೆಲಸ ಚೊಕ್ಕ. ಆದರೆ ಧಾರವಾಡದ ಡಿಸೆಂಬರ್ ರಾತ್ರಿಗೆ ಒಂದು ಕೌದಿ ಸಾಕು. ವೈಫೈ ಬಗ್ಗೆ ಬರೆಯುವಂಥದ್ದೇನೂ ಇಲ್ಲ.

ಅಸಲು ವಿಮರ್ಶೆ ಬೇಕಾಗಿರುವುದು ಫಿಟಿಂಗ್‌ಗೆ. ಈಗಿನ ಬಹುತೇಕ ಎಸಿಗಳಲ್ಲಿ ಇರುವುದು ಆರ್‌32 ಗ್ಯಾಸ್, 1.5 ಟನ್ನಿಗೆ ಸಾಮಾನ್ಯವಾಗಿ 700 ಗ್ರಾಂನಿಂದ ಒಂದು ಕಿಲೋ ಒಳಗೆ. ಖಚಿತ ತೂಕ ಔಟ್‌ಡೋರ್ ಯೂನಿಟ್ಟಿನ ಪಟ್ಟಿಯ ಮೇಲೆ ಇರುತ್ತದೆ. ಇಷ್ಟೂ ಗ್ಯಾಸ್ ಔಟ್‌ಡೋರ್‌ನಲ್ಲೇ ತುಂಬಿ ಬರುತ್ತದೆ. ಪೈಪು, ಇಂಡೋರ್ ಕಾಯಿಲ್ ಒಳಗೆ ಇರುವುದು ಬರಿಯ ಗಾಳಿ, ಅದರ ಜೊತೆ ತೇವ. ಅದನ್ನು ವ್ಯಾಕ್ಯೂಮ್ ಪಂಪ್ ಹಚ್ಚಿ 20-30 ನಿಮಿಷ ಎಳೆದು ಒಳಗಿನ ಒತ್ತಡವನ್ನು 500 ಮೈಕ್ರಾನ್‌ಗೆ ಇಳಿಸಬೇಕು, ಪಂಪ್ ಬಂದ್ ಮಾಡಿ ಹತ್ತು ನಿಮಿಷ ಗೇಜಿನ ಮುಳ್ಳು ಏರದೆ ನಿಲ್ಲುತ್ತದೆಯೇ ನೋಡಬೇಕು, ಆಮೇಲೆ ವಾಲ್ವ್ ತೆರೆಯಬೇಕು. ಸೀಸನ್ನಿನಲ್ಲಿ ದಿನಕ್ಕೆ ಐದಾರು ಮನೆ ಮುಗಿಸಬೇಕಾದ ಹುಡುಗರು ಪಂಪನ್ನು ತರುವುದೇ ಇಲ್ಲ. ವಾಲ್ವ್ ಅರೆಕ್ಷಣ ತೆರೆದು ಗ್ಯಾಸಿನಿಂದಲೇ ಗಾಳಿ ಹೊರದಬ್ಬಿ, "ಆತ್ರೀ ಸರ್" ಎನ್ನುತ್ತಾರೆ. ಒಳಗೆ ಉಳಿದ ಗಾಳಿ ಒತ್ತಡ ಏರಿಸಿ ಕರೆಂಟ್ ತಿನ್ನುತ್ತದೆ. ತೇವ ಕಂಪ್ರೆಸರ್ ಎಣ್ಣೆಯೊಂದಿಗೆ ಸೇರಿ ಆಮ್ಲವಾಗುತ್ತದೆ. ಎಸಿ ಮೊದಲ ವರ್ಷ ಚೆನ್ನಾಗಿಯೇ ಓಡುತ್ತದೆ, ಹಾಗಾಗಿ ಯಾರ ಮೇಲೂ ದೂರು ಬರುವುದಿಲ್ಲ. ಬುಕಿಂಗ್ ಮಾಡುವಾಗಲೇ ವ್ಯಾಕ್ಯೂಮ್ ಪಂಪ್ ತರುತ್ತಾರೆಯೇ ಎಂದು ಕೇಳಿ.

ಎರಡನೆಯ ಹುಳುಕು ಫ್ಲೇರ್. ತಾಮ್ರದ ಪೈಪಿನ ತುದಿಯನ್ನು ಕಹಳೆಯಂತೆ ಅಗಲಿಸಿ ನಟ್ ಬಿಗಿಯುವ ಜಾಗ ಅದು. ಪೈಪ್ ಕತ್ತರಿಸಿದ ಮೇಲೆ ಒಳಗಿನ ಚೂರು ಕೆರೆದು ತೆಗೆಯದಿದ್ದರೆ, ಇಲ್ಲವೇ ಅಂದಾಜಿನಲ್ಲಿ ಮೈಯೆಲ್ಲ ಬಲ ಹಾಕಿ ಪಾನಾ ತಿರುಗಿಸಿದರೆ ಕೂದಲೆಳೆಯಷ್ಟು ಬಿರುಕು ಬೀಳುತ್ತದೆ. ಕಾಲಿಂಚಿನ ನಟ್ಟಿಗೆ 14-18 ನ್ಯೂಟನ್-ಮೀಟರ್ ಬಿಗಿತ ಸಾಕು, ಅರ್ಧ ಇಂಚಿನದಕ್ಕೆ 50ರ ಆಸುಪಾಸು. ಬಿಗಿತ ಅಳೆಯುವ ಟಾರ್ಕ್ ಪಾನಾ ಇಲ್ಲದಿದ್ದರೆ ಕೊನೆಗೆ ಸಾಬೂನು ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದಾದರೂ ನೋಡಲಿ. "ಗ್ಯಾಸ್ ಖಾಲಿ ಆಗೇತ್ರೀ, ಪ್ರತಿ ವರ್ಷ ಹಾಕಸ್ಬೇಕು" ಎಂಬ ಮಾತನ್ನು ನಂಬಬೇಡಿ. ಅದು ಪೆಟ್ರೋಲ್ ಅಲ್ಲ, ಸುಟ್ಟು ಮುಗಿಯುವುದಿಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ. ಸೋರುವ ಜಾಗ ಹುಡುಕದೆ ತುಂಬಿಸಿದ ಗ್ಯಾಸ್ ಮುಂದಿನ ಬೇಸಿಗೆಗೆ ಮತ್ತೆ ಇರುವುದಿಲ್ಲ. ತುಂಬುವಾಗಲೂ ತಕ್ಕಡಿ ಇಟ್ಟು ತೂಗಿ ತುಂಬಬೇಕು. ಹಳೆಯ ಆರ್‌22 ಎಸಿಗಳಲ್ಲಿ 60-70 ಪಿಎಸ್ಐ ಒತ್ತಡ ನೋಡಿ ಕೈ ಕಲಿತವರು ಗೇಜ್ ನಂಬುತ್ತಾರೆ. ಆರ್‌32 ಓಡುವುದೇ 110-130ರಲ್ಲಿ, ಅದರ ಮೇಲೆ ಇನ್ವರ್ಟರ್ ಕಂಪ್ರೆಸರ್ ವೇಗ ಬದಲಿಸಿದಂತೆಲ್ಲ ಮುಳ್ಳೂ ಓಡಾಡುತ್ತದೆ. ಆರ್‌32 ಮಂದವಾಗಿ ಉರಿಯುವ ಗ್ಯಾಸ್ ಬೇರೆ. ತುಂಬುವಾಗ ಹತ್ತಿರ ಬೀಡಿ, ಬೆಂಕಿ ಬೇಡ.

ಔಟ್‌ಡೋರ್ ಯೂನಿಟ್ಟನ್ನು ತೆರೆದ ಗಟಾರದ ಮೇಲೆ ನೇತುಹಾಕಬೇಡಿ. ಗಟಾರದಿಂದ ಏಳುವ ಗಂಧಕದ ಹೊಗೆ ತಾಮ್ರವನ್ನು ತಿಂದು ಸೂಜಿತೂತು ಮಾಡುತ್ತದೆ. ಬ್ಲೂ ಫಿನ್ ಲೇಪನವಿರುವುದು ತಗಡಿನ ಫಿನ್ನಿನ ಮೇಲೆ, ತಾಮ್ರದ ಪೈಪಿಗೆ ಅದರಿಂದ ಪೂರ್ತಿ ರಕ್ಷಣೆಯಿಲ್ಲ. ದಪ್ಪ, ಸಣ್ಣ ಎರಡೂ ಪೈಪುಗಳಿಗೆ ಬೇರೆ ಬೇರೆ ಇನ್ಸುಲೇಷನ್ ಬೇಕು. ಸ್ಪ್ಲಿಟ್ ಎಸಿಯಲ್ಲಿ ಸಣ್ಣ ಪೈಪೂ ತಣ್ಣಗಿರುತ್ತದೆ, ಬೋಳು ಬಿಟ್ಟರೆ ಬೆವೆತು ಗೋಡೆ ಕೆಡಿಸುತ್ತದೆ. ನೀರಿನ ಪೈಪ್ ಮೀಟರಿಗೆ ಒಂದು ಸೆಂಟಿಮೀಟರ್ ಇಳಿಜಾರಾದರೂ ಇರಬೇಕು, ತುದಿ ಬಕೆಟ್ಟಿನ ನೀರಲ್ಲಿ ಮುಳುಗಿರಬಾರದು. ಏಪ್ರಿಲ್‌ನ ಒಣ ಹವೆಯಲ್ಲಿ ಈ ತಪ್ಪು ಗೊತ್ತಾಗುವುದಿಲ್ಲ, ಜೂನ್‌ನಲ್ಲಿ ಹಾಸಿಗೆಯ ಮೇಲೆ ಹನಿ ಬಿದ್ದಾಗ ಗೊತ್ತಾಗುತ್ತದೆ.

ಕೂಲರ್ ಸಾಕಾಗುವುದಿಲ್ಲವೇ ಎಂದು ಕೇಳುವವರಿಗೆ: ಮಾರ್ಚ್, ಏಪ್ರಿಲ್‌ನಲ್ಲಿ ಗದಗ, ಹಾವೇರಿಯಲ್ಲಿ ಚೆನ್ನಾಗಿ ಸಾಕು, 200 ವ್ಯಾಟಿನಲ್ಲಿ ಕೆಲಸ ಮುಗಿಯುತ್ತದೆ. ಕಿಟಕಿ ತೆರೆದಿಡಬೇಕು, ತಾಸಿಗೆ ಹಲವು ಲೀಟರ್ ನೀರು ಬೇಕು. ನಳದ ನೀರು ದಿನಾ ಬರದ ಓಣಿಗಳಲ್ಲಿ ಅದೇ ತೊಡಕು. ಮುಂಗಾರು ಮೋಡ ಕಟ್ಟಿದ ಮೇಲೆ ಕೂಲರ್ ಸೆಖೆ ಹೆಚ್ಚಿಸುತ್ತದೆ, ಆಗ ಗಾಳಿಯ ತೇವ ಎಳೆಯುವ ಎಸಿಯ ಡ್ರೈ ಮೋಡ್‌ಗೆ ಸಾಟಿ ಇಲ್ಲ.

ಕರೆಂಟಿನ ಕಡೆ 16 ಆಂಪಿಯರ್ ಸಾಕೆಟ್, ಸರಿಯಾದ ಅರ್ಥಿಂಗ್, ಡಿಬಿಯಿಂದ (ಮನೆಯ ಮುಖ್ಯ ಸ್ವಿಚ್ ಪೆಟ್ಟಿಗೆ) ನೇರ ಬರುವ ಬೇರೆ ವೈರ್ ಬೇಕು. ದೂರ ಹೆಚ್ಚಿದ್ದರೆ 2.5 ಬದಲು 4 ಚದರ ಮಿಲಿಮೀಟರ್ ತಾಮ್ರ ಎಳೆಸಿ. ಸ್ಟೆಬಿಲೈಸರ್ ಬೇಡ ಎಂದು ಡಬ್ಬಿ ಹೇಳಿದರೆ ಅದರ ಪಕ್ಕ ಬರೆದ ವೋಲ್ಟೇಜ್ ಮಿತಿ ಓದಿ. ನಿಮ್ಮ ಓಣಿಯ ವೋಲ್ಟೇಜ್ ಸಂಜೆ ಅದಕ್ಕಿಂತ ಕೆಳಗಿಳಿಯುತ್ತಿದ್ದರೆ ಹಾಕಿಸಲೇಬೇಕು. ಹತ್ತು ವರ್ಷದ ವಾರಂಟಿ ಇರುವುದು ಸಾಮಾನ್ಯವಾಗಿ ಕಂಪ್ರೆಸರ್‌ಗೆ ಮಾತ್ರ, ಅದನ್ನು ಬದಲಿಸುವಾಗಿನ ಗ್ಯಾಸ್ ಮತ್ತು ಕೂಲಿ ಅದರಲ್ಲಿ ಸೇರಿದೆಯೇ ಎಂದು ಕಾರ್ಡಿನಲ್ಲಿ ನೋಡಿ. ಕೆಡುವುದು ಹೆಚ್ಚಾಗಿ ಪಿಸಿಬಿ, ಅಂದರೆ ಒಳಗಿನ ಸರ್ಕ್ಯೂಟ್ ಬೋರ್ಡ್, ಅದಕ್ಕೆ ಐದು ವರ್ಷವಾದರೂ ಇರುವುದನ್ನೇ ಆರಿಸಿ. ಮೂರು ಮೀಟರಿಗಿಂತ ಹೆಚ್ಚಿನ ತಾಮ್ರದ ಪೈಪು, ಸ್ಟ್ಯಾಂಡ್, ಗೋಡೆ ತೂತಿನ ದರ ಎಷ್ಟೆಂದು ಎಸಿಯ ಬಿಲ್ ಕೊಡುವ ಮುನ್ನವೇ ಬರೆಸಿಕೊಳ್ಳಿ.