ಲ್ಯಾಬಿಗೆಲ್ಲ ಒಂದೇ ಇಮೇಜ್: ಡ್ರೈವರ್ ಹಾಕಲು ಮೂರು ದಾರಿ, ನನ್ನ ಓಟು ಒಂದಕ್ಕೇ

ಮೊದಲೇ ಹೇಳಿಬಿಡುತ್ತೇನೆ. (ಇಮೇಜ್ ಅಂದರೆ ಒಂದು ಮೆಷಿನ್‌ನಲ್ಲಿ ಸಿದ್ಧ ಮಾಡಿದ ವಿಂಡೋಸ್‌ನ ಪೂರ್ತಿ ನಕಲು, ಅದನ್ನೇ ಉಳಿದವಕ್ಕೂ ಇಳಿಸುವುದು. ಡ್ರೈವರ್ ಅಂದರೆ ಆಯಾ ಹಾರ್ಡ್‌ವೇರನ್ನು ಓಡಿಸುವ ಪುಟ್ಟ ಸಾಫ್ಟ್‌ವೇರ್.) ಇಮೇಜ್ ತೆಳ್ಳಗಿರಲಿ, ಡ್ರೈವರ್‌ಗಳು ಸರ್ವರ್‌ನಲ್ಲಿ ಮಾಡೆಲ್‌ಗೊಂದು ಫೋಲ್ಡರ್ ಮಾಡಿ ಇರಲಿ, ಇಮೇಜ್ ಇಳಿದ ಮೇಲೆ ಆಯಾ ಮೆಷಿನ್‌ಗೆ ಬೇಕಾದ್ದು ಮಾತ್ರ ಹೋಗಲಿ. ಗೋಣಿಕೊಪ್ಪ ಕಡೆ ಒಂದು ಹೈಸ್ಕೂಲ್ ಲ್ಯಾಬ್ ನೋಡಿಕೊಳ್ಳುವ ನನಗೆ ಕೊನೆಗೆ ಒಗ್ಗಿದ್ದು ಇದೇ. 'ಎಲ್ಲಾ ಒಂದೇ ಮಾಡೆಲ್' ಅಂತ ಹೇಳಿ ಕೊಟ್ಟ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್‌ಗಳನ್ನು ಬಿಚ್ಚಿದರೆ ಒಳಗೆ ಬೇರೆ ಬೇರೆ ಕಂಪನಿಯವು, ಜೊತೆಗೊಂದು ಅಸೆಂಬಲ್ಡ್ ಕೂಡ. ವಾಪಸ್ ಕಳಿಸೋಣ ಅಂದರೆ ಮೈಸೂರಿಗೆ ಗಾಡಿ ಬಾಡಿಗೆ ಯಾರು ಕೊಡುತ್ತಾರೆ?

ಎಲ್ಲ ಡ್ರೈವರ್‌ಗಳನ್ನೂ ಇಮೇಜ್ ಒಳಗೇ ತುಂಬುವುದು ಒಂದು ದಾರಿ. ನಿಜವಾಗಿಯೂ ಒಂದೇ ಮಾಡೆಲ್ ಇದ್ದರೆ ಇದಕ್ಕಿಂತ ಸುಲಭ ಇಲ್ಲ. ಸಿಸ್‌ಪ್ರೆಪ್ (ನಕಲು ತೆಗೆಯುವ ಮೊದಲು ವಿಂಡೋಸನ್ನು ಬೇರೆ ಮೆಷಿನ್‌ಗೂ ಹೊಂದುವಂತೆ ಮಾಡುವ ಟೂಲ್) ಮಾಡುವಾಗ ಡ್ರೈವರ್ ಸೆಟ್ಟಿಂಗ್‌ಗಳನ್ನು ಹಾಗೇ ಉಳಿಸಿಕೊಳ್ಳಲು, ಸೆಟಪ್‌ನ ಪ್ರಶ್ನೆಗಳಿಗೆ ಮೊದಲೇ ಉತ್ತರ ಬರೆದಿಡುವ ಅನ್‌ಅಟೆಂಡ್ ಫೈಲಿನಲ್ಲಿ ಒಂದು ಆಯ್ಕೆ ಇದೆ, ಆದರೆ ಅದು ಹಾರ್ಡ್‌ವೇರ್ ಪೂರ್ತಿ ಒಂದೇ ಥರ ಇರುವ ಕಡೆಗೆ ಮಾತ್ರ. ಕಲಸುಮೇಲೋಗರ ಲ್ಯಾಬಾದರೆ ಇಮೇಜ್ ಊದುತ್ತಾ ಹೋಗುತ್ತದೆ. ಹೊಸ ಮಾಡೆಲ್ ಬಂದಾಗೆಲ್ಲ ಇಮೇಜ್ ಬಿಚ್ಚಬೇಕು. ನನಗೆ ಅಷ್ಟು ತಾಳ್ಮೆ ಇಲ್ಲ.

ಇನ್ನೊಂದು ದಾರಿ, ಬೇಕಾದ ಡ್ರೈವರ್ ಹುಡುಕಿ ಹಾಕುವ ಸ್ನ್ಯಾಪಿ ಡ್ರೈವರ್ ಇನ್‌ಸ್ಟಾಲರ್ ಒರಿಜಿನ್ ಅನ್ನೋ ಪ್ರೋಗ್ರಾಂ. ಅದು ಉಚಿತ, ನೆಟ್ ಇಲ್ಲದೆಯೂ ಓಡುತ್ತದೆ. ಪೂರ್ತಿ ಪ್ಯಾಕ್ ಮಾತ್ರ ಹತ್ತಾರು ಜಿಬಿ. ಪ್ರತಿ ಮೆಷಿನ್ ಮುಂದೆಯೂ ಕೂತು ಟಿಕ್ ಹಾಕಬೇಕು. ಇನ್ನು ವಿಂಡೋಸ್ ಅಪ್‌ಡೇಟ್‌ಗೇ ಬಿಡೋಣ ಅಂದರೆ, ನೆಟ್‌ವರ್ಕ್ ಕಾರ್ಡಿನ ಡ್ರೈವರೇ ಇಲ್ಲದ ಮೆಷಿನ್ ನೆಟ್ಟಿಗೆ ಹೋಗುವುದು ಹೇಗೆ? ಜುಲೈನಲ್ಲಿ ಲೈನ್ ಮೇಲೆ ಮರ ಬಿದ್ದರೆ ನಮ್ಮಲ್ಲಿ ಆ ನೆಟ್ಟೂ ಇರಲ್ಲ.

ನನ್ನ ದಾರಿಗೆ ಖರ್ಚಾಗಿದ್ದು ಏನೂ ಇಲ್ಲ. ಮೂಲೆಯಲ್ಲಿದ್ದ ಹಳೆ ಡೆಸ್ಕ್‌ಟಾಪಿಗೆ ಲಿನಕ್ಸ್, ಅದರ ಮೇಲೆ ಫಾಗ್, ಅಂದರೆ ನೆಟ್‌ವರ್ಕ್ ಮೂಲಕ ಇಮೇಜ್ ಇಳಿಸುವ ಉಚಿತ ಸಾಫ್ಟ್‌ವೇರ್. ಇಮೇಜ್ ಇಳಿದ ತಕ್ಷಣ ಒಂದು ಚಿಕ್ಕ ಸ್ಕ್ರಿಪ್ಟ್ ಮೆಷಿನ್‌ನ ಮಾಡೆಲ್ ಓದಿ, ಅದೇ ಹೆಸರಿನ ಫೋಲ್ಡರನ್ನು ಸಿ ಡ್ರೈವ್‌ಗೆ ಕಾಪಿ ಮಾಡುತ್ತದೆ. ಡ್ರೈವರ್‌ಗಳನ್ನೂ ಹುಡುಕಿಕೊಂಡು ಹೋಗಲಿಲ್ಲ. ಸರಿಯಾಗಿ ಓಡುತ್ತಿದ್ದ ಮೆಷಿನ್‌ಗಳಿಂದಲೇ ಪಿಎನ್‌ಪಿ ಯುಟಿಲ್ ಅನ್ನೋ ವಿಂಡೋಸ್‌ನದೇ ಡ್ರೈವರ್ ಟೂಲ್‌ನ ಎಕ್ಸ್‌ಪೋರ್ಟ್ ಕಮಾಂಡ್ ಕೊಟ್ಟು ತೆಗೆದುಕೊಂಡೆ. ಒಂದು ಮಾತು: ಲೆನೊವೊದಲ್ಲಿ ಮಾಡೆಲ್ ಖಾನೆಯಲ್ಲಿ ಕೋಡ್ ಸಿಗುತ್ತದೆ, ನಾವು ಕರೆಯುವ ಹೆಸರು ವರ್ಷನ್ ಖಾನೆಯಲ್ಲಿರುತ್ತದೆ. ಫೋಲ್ಡರಿಗೆ ಹೆಸರಿಡುವ ಮೊದಲು ನೋಡಿಕೊಳ್ಳಿ.

ಇಷ್ಟಾದರೂ ತಲೆ ತಿಂದಿದ್ದು ಬೇರೆಯೇ. ಕಾಪಿಯಾದ ಡ್ರೈವರ್‌ಗಳನ್ನು ಯಾರಾದರೂ ಇನ್‌ಸ್ಟಾಲ್ ಮಾಡಬೇಕಲ್ವಾ? ಸೆಟಪ್ ಮುಗಿದಾಗ ತಾನೇ ಓಡುವ ಸೆಟಪ್‌ಕಂಪ್ಲೀಟ್ ಅನ್ನೋ ಫೈಲಿಗೆ ಆ ಕೆಲಸ ಕೊಟ್ಟಿದ್ದೆ. ಅಸೆಂಬಲ್ಡ್ ಮೆಷಿನ್‌ನಲ್ಲಿ ಎಲ್ಲ ಸರಿ. ಕಂಪನಿ ಮೆಷಿನ್‌ಗಳಲ್ಲಿ ಮಾತ್ರ ಡಿವೈಸ್ ಮ್ಯಾನೇಜರ್ ತುಂಬ ಹಳದಿ ಗುರುತು, ಅಂದರೆ ಡ್ರೈವರ್ ಕೂತಿಲ್ಲ. ಎರರ್ ಅಂತೂ ಒಂದೂ ಇಲ್ಲ.

ಡ್ರೈವರೇ ಸರಿ ಇಲ್ಲವೇನೋ ಅಂತ ಯಾರಿಗಾದರೂ ಅನಿಸುತ್ತದೆ. ಆದರೆ ವಿಂಡೋಸ್‌ನ ಐಎನ್ಎಫ್ ಫೋಲ್ಡರಿನಲ್ಲಿ ಸೆಟಪ್ಎಪಿಐ ಡೆವ್ ಅಂತ ಒಂದು ಲಾಗ್ ಇದೆ, ಯಾವುದೇ ಡ್ರೈವರ್ ಹಾಕಲು ನೋಡಿದರೂ, ಸೋತರೂ ಗೆದ್ದರೂ, ಅಲ್ಲಿ ಸಾಲು ಬೀಳುತ್ತದೆ. ಫೋಲ್ಡರ್ ಸಿ ಡ್ರೈವ್‌ನಲ್ಲಿ ಬಂದು ಕೂತಿದೆ, ಲಾಗಿನಲ್ಲಿ ಅದರ ಸುಳಿವೇ ಇಲ್ಲ. ಅಂದರೆ ಡ್ರೈವರ್ ಸೋತಿಲ್ಲ, ಸ್ಕ್ರಿಪ್ಟ್ ಓಡಿಯೇ ಇಲ್ಲ. ಪ್ಯಾಂಥರ್ ಫೋಲ್ಡರಿನೊಳಗಿನ ಅನ್‌ಅಟೆಂಡ್‌ಜಿಸಿ ಲಾಗ್ ತೆಗೆದರೆ ಕಾರಣ ಅಲ್ಲೇ ಇತ್ತು: ಒಇಎಂ (ಮೆಷಿನ್ ಮಾಡಿದ ಕಂಪನಿಯೇ ಜೊತೆಗೆ ಕೊಟ್ಟ) ಲೈಸೆನ್ಸ್ ಸಿಕ್ಕಿದೆ, ಹಾಗಾಗಿ ಸೆಟಪ್‌ಕಂಪ್ಲೀಟ್ ಓಡಿಸಲ್ಲ. ಕಂಪನಿ ಡೆಸ್ಕ್‌ಟಾಪ್‌ಗಳ ಬಯೋಸ್‌ನಲ್ಲಿ ವಿಂಡೋಸ್ ಕೀ ಕೂತಿರುತ್ತದೆ. ಎಂಟರ್‌ಪ್ರೈಸ್ ಎಡಿಷನ್ ಬಿಟ್ಟರೆ ಉಳಿದ ಕಡೆ ಒಇಎಂ ಕೀ ಇದ್ದಾಗ ಆ ಫೈಲನ್ನು ಓಡಿಸಬಾರದು ಅನ್ನೋದು ವಿಂಡೋಸ್‌ನ ನಿಯಮವೇ. ಸುಮ್ನೆ ಬಿಟ್ಟು ಮುಂದೆ ಹೋಗುತ್ತದೆ, ಅಷ್ಟೇ.

ಪರಿಹಾರ ಸುಲಭ. ಸೆಟಪ್‌ಕಂಪ್ಲೀಟ್‌ನಲ್ಲಿದ್ದ, ಡ್ರೈವರ್ ಇನ್‌ಸ್ಟಾಲ್ ಮಾಡುವ ಪಿಎನ್‌ಪಿ ಯುಟಿಲ್ ಸಾಲನ್ನೇ ಅನ್‌ಅಟೆಂಡ್ ಫೈಲಿನಲ್ಲಿ ಮೊದಲ ಸಲ ಲಾಗಾನ್ ಆದಾಗ ಓಡುವ ಫಸ್ಟ್ ಲಾಗಾನ್ ಕಮಾಂಡ್ಸ್ ಭಾಗಕ್ಕೆ ಹಾಕಿದೆ, ಅಡ್ಮಿನ್ ಖಾತೆಗೆ ಒಂದೇ ಒಂದು ಸಲ ಆಟೋ ಲಾಗಾನ್ ಕೊಟ್ಟೆ. ಆ ಫೈಲಿನಲ್ಲಿ ಪಾಸ್‌ವರ್ಡ್ ಇರುತ್ತದೆ, ಕೆಲಸ ಮುಗಿದ ಮೇಲೆ ಅಳಿಸಿ.

ಡಿಸ್ಕ್ ಕಂಟ್ರೋಲರ್ ಮಾತ್ರ ಈ ದಾರಿಗೆ ಬಗ್ಗಲ್ಲ. ಬಯೋಸ್‌ನಲ್ಲಿ ಡಿಸ್ಕ್‌ಗೆ ಎಎಚ್‌ಸಿಐ, ರೇಡ್ ಅಂತ ಬೇರೆ ಬೇರೆ ಮೋಡ್‌ಗಳಿರುತ್ತವೆ; ಎಎಚ್‌ಸಿಐ ಮೋಡ್‌ನಲ್ಲಿ ತೆಗೆದ ಇಮೇಜನ್ನು ರೇಡ್ ಮೋಡಿನ ಮೆಷಿನ್‌ಗೆ ಹಾಕಿದರೆ ಬೂಟ್ ಆಗುವಾಗಲೇ ನೀಲಿ ಪರದೆ ಬರಬಹುದು. ಮೊದಲು ಎಲ್ಲ ಮೆಷಿನ್‌ಗಳ ಬಯೋಸ್‌ನಲ್ಲೂ ಈ ಮೋಡ್ ಒಂದೇ ಥರ ಮಾಡಿಕೊಳ್ಳಿ.

ನಾಲ್ಕೈದೇ ಮೆಷಿನ್ ಇದ್ದು, ಕೂತು ಟಿಕ್ ಹಾಕಲು ಬೇಜಾರಿಲ್ಲದಿದ್ದರೆ ಸ್ನ್ಯಾಪಿ ಸಾಕು, ಫಾಗ್ ಕಲಿಯೋ ರಗಳೆ ಬೇಡ. ನಾನು ಒಂದು ಮೆಷಿನ್ ಆನ್ ಮಾಡಿ ಪಕ್ಕದ್ದಕ್ಕೆ ಹೋಗುವವನು. ಕೈಲ್ ಮುಹೂರ್ತದ ರಜೆಯಲ್ಲಿ ಇಡೀ ಲ್ಯಾಬ್ ಮತ್ತೆ ಹಾಕಬೇಕು, ಈ ಸಲ ಸರ್ವರ್‌ಗೊಂದು ಯುಪಿಎಸ್ ಕೊಡಿಸಿ ಅಂತ ಹೆಡ್‌ಮಾಸ್ಟರಿಗೆ ಹೇಳಿದ್ದೇನೆ.