ಕಂಪನಿ ಕೊಟ್ಟ ಪುಸ್ತಕದಿಂದ ಒಂದು ಸ್ವರ: ನಾಲ್ಕು ಹಳೆಯ ಹೋಮ್ ಕಂಪ್ಯೂಟರ್‌ಗಳ ಹೋಲಿಕೆ

ನಿಯಮ ಸರಳ. ಎಮ್ಯುಲೇಟರ್‌ನಲ್ಲಿ, ಅಂದರೆ ಹಳೆಯ ಯಂತ್ರವನ್ನು ಇಂದಿನ ಕಂಪ್ಯೂಟರ್‌ನಲ್ಲಿ ಅನುಕರಿಸುವ ಪ್ರೋಗ್ರಾಂನಲ್ಲಿ, ಹಳೆಯ ಕಂಪ್ಯೂಟರ್ ತೆರೆಯಬೇಕು. ಅದನ್ನು ಮಾಡಿದ ಕಂಪನಿಯೇ ಹೊರತಂದ ಪುಸ್ತಕ ಮಾತ್ರ ಪಕ್ಕದಲ್ಲಿರಬೇಕು. ಸ್ಪೀಕರ್‌ನಲ್ಲಿ ಒಂದು ಸ್ವರ ಬರಬೇಕು. ಗೂಗಲ್ ಇಲ್ಲ, ಯೂಟ್ಯೂಬ್ ಇಲ್ಲ. ಪುಸ್ತಕಗಳ ಸ್ಕ್ಯಾನ್ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಆ ಕಾಲದಲ್ಲಿ ಮನೆಗೆ ಕಂಪ್ಯೂಟರ್ ತಂದವರಿಗೆ ಯಾವ ಕಂಪನಿ ಎಷ್ಟು ಹೇಳಿತ್ತು ಅನ್ನೋದು ನನ್ನ ಕುತೂಹಲ.

ಬೇಗ ಗೆದ್ದದ್ದು ಬ್ರಿಟನ್ನಿನ ಸಿಂಕ್ಲೇರ್ ಕಂಪನಿಯ ಝಡ್‌ಎಕ್ಸ್ ಸ್ಪೆಕ್ಟ್ರಮ್, 1982ರದ್ದು. ‘ಬೀಪ್ 1,0’ ಅಂದರೆ ಸಾಕು, ಒಂದು ಸೆಕೆಂಡ್ ಸ್ವರ. ಪುಸ್ತಕ ಬರೆದ ಸ್ಟೀವನ್ ವಿಕರ್ಸ್ ಅವರೇ ಅದರ ಬೇಸಿಕ್ ಭಾಷೆಯನ್ನೂ ಬರೆದವರಲ್ಲಿ ಒಬ್ಬರು. ಅದಕ್ಕೇ ಇರಬೇಕು, ಎಲ್ಲೂ ತಡಕಾಟವಿಲ್ಲ. ಮೊದಲು ಬೀಪ್ ಕಲಿಸುತ್ತಾರೆ. ಮುಂದೆ ಪೋರ್ಟ್ 254ರ (ಯಂತ್ರದ ಭಾಗಗಳಿಗೆ ಅಂಕಿ ಕಳಿಸುವ ದಾರಿ) ಯಾವ ಬಿಟ್ ಪರದೆಯ ಬಾರ್ಡರ್ ಬಣ್ಣಕ್ಕೆ, ಯಾವುದು ಸ್ಪೀಕರ್‌ಗೆ ಅಂತಲೂ ಹೇಳಿಬಿಡುತ್ತಾರೆ. ಇದೆಲ್ಲ ಪೆಟ್ಟಿಗೆಯಲ್ಲೇ ಬರುತ್ತಿದ್ದ ಪುಸ್ತಕ, ಬೇರೆ ದುಡ್ಡಿಲ್ಲ. ಆದರೆ ಸರ್ಕ್ಯೂಟ್ ನಕ್ಷೆ ಇಲ್ಲ, ರೋಮ್‌ನೊಳಗಿನ, ಅಂದರೆ ಕಂಪನಿಯೇ ಚಿಪ್‌ನಲ್ಲಿ ಕಾಯಂ ತುಂಬಿಟ್ಟ, ಕೋಡ್ ಇಲ್ಲ.

ಕಮಡೋರ್ 64 ಕೂಡ 1982ರದ್ದೇ. ಇದರ ಸಿಡ್ ಚಿಪ್‌ನಲ್ಲಿ ಮೂರು ದನಿಗಳಿವೆ. ಆದರೆ ಬೇಸಿಕ್‌ನಲ್ಲಿ ಶಬ್ದಕ್ಕೆ ಒಂದು ಆಜ್ಞೆಯೂ ಇಲ್ಲ! ಎಲ್ಲವೂ ಪೋಕ್, ಅಂದರೆ ಮೆಮರಿಯ ಒಂದು ವಿಳಾಸಕ್ಕೆ ನೇರವಾಗಿ ಅಂಕಿ ಹಾಕುವುದು. 54296ಕ್ಕೆ 15 ಹಾಕಿದರೆ ವಾಲ್ಯೂಮ್. ಆಮೇಲೆ ಅಟ್ಯಾಕ್, ಡಿಕೇ (ಸ್ವರ ಏರುವ, ಇಳಿಯುವ ವೇಗ), ಕಂಪನದ ಎರಡು ಅಂಕಿ, ಕೊನೆಗೆ 54276ಕ್ಕೆ 33. ಆಗ ಸ್ವರ ಏಳುತ್ತದೆ. ಜೊತೆಗೆ ಬರುತ್ತಿದ್ದ ಯೂಸರ್ಸ್ ಗೈಡ್ ಇಷ್ಟನ್ನು ಹೇಳಿಕೊಡುತ್ತದೆ. ನಿಜವಾದ ಖಜಾನೆ ಪ್ರೋಗ್ರಾಮರ್ಸ್ ರೆಫರೆನ್ಸ್ ಗೈಡ್, ಅದನ್ನು ಬೇರೆ ಕೊಳ್ಳಬೇಕಿತ್ತು. ಸಿಡ್‌ನ ಪ್ರತಿ ರಿಜಿಸ್ಟರ್ (ಅಂಕಿ ಹಾಕುವ ಖಾನೆ), ಚಿಪ್‌ಗಳ ವಿವರ, ಕೊನೆಯಲ್ಲಿ ಇಡೀ ಯಂತ್ರದ ಸರ್ಕ್ಯೂಟ್ ನಕ್ಷೆ, ಎಲ್ಲ ಇದೆ. ಸ್ವಂತಕ್ಕೆ ನನಗೆ ಇದೇ ಜಾಸ್ತಿ ಇಷ್ಟ. ಬೀಪ್ ಅಂದರೆ ಬೀಪ್ ಬರುತ್ತದೆ, ಅಷ್ಟೇ. ಇಲ್ಲಿ ಒಂದು ಅಂಕಿ ಬದಲಿಸಿದರೆ ಪಿಟೀಲಿನಂಥದ್ದು ತಮಟೆಯಂತೆ ಕೇಳುತ್ತದೆ, ಯಾಕೆ ಅಂತ ಪುಸ್ತಕದಲ್ಲೇ ಇರುತ್ತದೆ.

ಆಪಲ್ 2ರಲ್ಲಿ ಸ್ವರ ಬರಿಸುವುದು ಕಷ್ಟ. -16336 ವಿಳಾಸವನ್ನು ಓದಿದಾಗಲೆಲ್ಲ ಸ್ಪೀಕರ್ ಒಂದು ಸಲ ‘ಟಕ್’ ಅನ್ನುತ್ತದೆ. ಬೇಸಿಕ್‌ನಲ್ಲಿ ಲೂಪ್ ಹಾಕಿದರೆ ಬರೀ ಗೊರಗೊರ. ಸರಿಯಾದ ಸ್ವರ ಬೇಕಾದರೆ ‘ಕಾಲ್ -151’ ಅಂತ ಮಾನಿಟರ್‌ಗೆ (ಪರದೆಯಲ್ಲ, ಮೆಮರಿಯನ್ನು ನೇರ ನೋಡಿ ತಿದ್ದುವ ರೋಮ್ ಪ್ರೋಗ್ರಾಂ) ಹೋಗಿ ಪ್ರೊಸೆಸರ್‌ನ ಸ್ವಂತ ಭಾಷೆಯಾದ ಮಷೀನ್ ಕೋಡ್ ಬರೆಯಬೇಕು. ಆದರೆ ಪುಸ್ತಕ? 1978ರ ಜನವರಿಯ ಈ ಕೈಪಿಡಿಯನ್ನು ಹೊದಿಕೆಯ ಬಣ್ಣದಿಂದ ರೆಡ್ ಬುಕ್ ಅಂತಲೇ ಕರೆಯುತ್ತಾರೆ. ಅದರಲ್ಲಿ ಸರ್ಕ್ಯೂಟ್ ನಕ್ಷೆಯ ಜೊತೆಗೆ ಸ್ಟೀವ್ ವೋಜ್ನಿಯಾಕ್ ಮತ್ತು ಅಲೆನ್ ಬಾಮ್ ಬರೆದ ಮಾನಿಟರ್ ರೋಮ್‌ನ ಕೋಡ್ ಸಾಲುಸಾಲಾಗಿ ಅಚ್ಚಾಗಿದೆ. ಕಂಪನಿ ಹೀಗೆ ಹೊಟ್ಟೆ ಬಗೆದು ತೋರಿಸಿದ್ದು ನೋಡಿದರೆ ಇಂದಿಗೂ ಆಶ್ಚರ್ಯ. ಹಾಗಂತ ನಕಲು ಮಾಡಿಕೊಳ್ಳಿ ಅಂದಂತಲ್ಲ. ಫ್ರಾಂಕ್ಲಿನ್ ಕಂಪನಿ ಆಪಲ್‌ನ ಪ್ರೋಗ್ರಾಂಗಳನ್ನು ನಕಲು ಮಾಡಿದಾಗ ಆಪಲ್ ಕೋರ್ಟಿಗೆ ಹೋಯಿತು. ರೋಮ್‌ನಲ್ಲಿರುವ ಪ್ರೋಗ್ರಾಂಗೂ ಕಾಪಿರೈಟ್ ಇದೆ ಅಂತ 1983ರಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟ್ ಹೇಳಿತು. ಸ್ಪೆಕ್ಟ್ರಮ್‌ನದು ಉಲ್ಟಾ ಕತೆ. ಕೋಡ್ ಅಚ್ಚಾಗಿರಲಿಲ್ಲ. ಆದರೆ 1986ರಲ್ಲಿ ಸಿಂಕ್ಲೇರ್ ಕಂಪ್ಯೂಟರ್‌ಗಳ ಹಕ್ಕು ಕೊಂಡ ಆಮ್‌ಸ್ಟ್ರಾಡ್ ಕಂಪನಿ, 1999ರಲ್ಲಿ ಎಮ್ಯುಲೇಟರ್‌ಗಳ ಜೊತೆ ಆ ರೋಮ್ ಹಂಚಲು ಒಪ್ಪಿತು.

ಅಟಾರಿ 800ರ ಬಗ್ಗೆ ಜಾಸ್ತಿ ಹೇಳೋದಿಲ್ಲ. ‘ಸೌಂಡ್ 0,121,10,8’ ಹಾಕಿದರೆ ಸ್ವರ ಬರುತ್ತದೆ, ಸುಲಭ. ಆದರೆ 1979ರಲ್ಲಿ ಬಂದ ಯಂತ್ರದ ಒಳಗುಟ್ಟನ್ನು ಅಟಾರಿ ಮೊದಮೊದಲು ಬಚ್ಚಿಟ್ಟುಕೊಂಡಿತ್ತು. ಅಟಾರಿಯಲ್ಲೇ ಇದ್ದ ಕ್ರಿಸ್ ಕ್ರಾಫರ್ಡ್ ಮತ್ತು ಜೊತೆಗಾರರ ‘ಡೇ ರೇ ಅಟಾರಿ’ ಬಂದ ಮೇಲೆಯೇ ಡಿಸ್‌ಪ್ಲೇ ಲಿಸ್ಟ್‌ನಂಥ (ಪರದೆಯ ಸಾಲುಗಳನ್ನು ಹೇಗೆ ಬಿಡಿಸಬೇಕು ಅನ್ನುವ ಪಟ್ಟಿ) ಸಂಗತಿಗಳು ಮನೆಯವರ ಕೈಗೆ ಸರಿಯಾಗಿ ಸಿಕ್ಕಿದ್ದು. ಪುಸ್ತಕ ಸೊಗಸಾಗಿದೆ, ತಡವಾಗಿ ಬಂತು, ಅಷ್ಟೇ.

ಮಕ್ಕಳ ಜೊತೆ ಕೂತು ಆಡುವುದಾದರೆ ಸ್ಪೆಕ್ಟ್ರಮ್ ಪುಸ್ತಕ ತೆರೆಯಿರಿ. ಕಂಪ್ಯೂಟರ್ ಒಳಗೆ ಏನು ನಡೆಯುತ್ತದೆ ಅಂತ ತಲೆ ಕೆಡಿಸಿಕೊಳ್ಳುವವರಿಗೆ ರೆಡ್ ಬುಕ್. ಕಮಡೋರ್ ಗೈಡ್ ಇಳಿಸಿಕೊಳ್ಳುವಾಗ ಮಾತ್ರ ಕೊನೆಯ ಪುಟಕ್ಕೆ ಹೋಗಿ ನೋಡಿ. ಆ ನಕ್ಷೆ ಮಡಚಿದ ದೊಡ್ಡ ಹಾಳೆ. ಅದನ್ನು ಪೂರ್ತಿ ಬಿಡಿಸಿ ಸ್ಕ್ಯಾನ್ ಮಾಡಿದ ಪ್ರತಿಯನ್ನೇ ಇಟ್ಟುಕೊಳ್ಳಿ.