ಆರಿ ಆರಿ ಹೋಗುವ ಪೈಲಟ್ ಉರಿ: ಕಾರವಾರದ ಮಳೆಗಾಲದಲ್ಲಿ ಮಾಡಿ ನೋಡಿದ್ದು

ಕೋಡಿಬಾಗದ ನಮ್ಮ ಮನೆಯಲ್ಲಿ ಅತ್ತೆ ಬೆಳಗಿನ ಐದಕ್ಕೇ ಸ್ನಾನಕ್ಕೆ ಹೋಗುತ್ತಾರೆ. ಈ ಸಲ ಮಳೆ ಹಿಡಿದ ಮೇಲೆ ವಾರದಲ್ಲಿ ನಾಲ್ಕು ದಿನ ಅವರಿಗೆ ತಣ್ಣೀರೇ ಗತಿಯಾಯಿತು. ಗ್ಯಾಸ್ ಗೀಸರಿನ ಪೈಲಟ್ ಉರಿ ರಾತ್ರಿ ಯಾವಾಗಲೋ ಆರಿರುತ್ತಿತ್ತು. ಅವರು ನನ್ನನ್ನು ಎಬ್ಬಿಸುತ್ತಿರಲಿಲ್ಲ. ಎಪ್ಪತ್ತು ದಾಟಿದ ಮೇಲೂ ಸುಮ್ನೆ ತಣ್ಣೀರು ಸುರಿದುಕೊಂಡು ಬರುತ್ತಿದ್ದರು. ಅದು ಗೊತ್ತಾದ ದಿನ ನನಗೆ ತುಂಬ ಬೇಜಾರಾಯಿತು. ಇದನ್ನು ಸರಿ ಮಾಡಿಯೇ ಬಿಡಬೇಕು ಅಂತ ಅವತ್ತೇ ಕೂತೆ.

ಜೂನ್‌ನಿಂದ ಆಗಸ್ಟ್‌ವರೆಗೆ ಏನೇನು ಮಾಡಿದೆ, ಯಾವುದರಿಂದ ಎಷ್ಟು ಉಪಯೋಗವಾಯಿತು ಎಂದು ಬರೆಯುತ್ತಿದ್ದೇನೆ. ಇಂಥ ಹಳೆಯ ಗೀಸರ್ ಈಗ ಕಡಿಮೆಯಾಗಿವೆ. ನಮ್ಮದು ಮಾವ ಎಷ್ಟೋ ವರ್ಷದ ಹಿಂದೆ ಮಡಗಾಂವದಿಂದ ತಂದದ್ದು. ಆದರೆ ಸಮುದ್ರದ ಬದಿಗಿರುವ ಮನೆಗಳಲ್ಲಿ ಅಲ್ಲೊಂದು ಇಲ್ಲೊಂದು ಇನ್ನೂ ಕಾಣುತ್ತವೆ. ಉಪ್ಪುಗಾಳಿಯ ಕಾಟ ಎಲ್ಲರಿಗೂ ಒಂದೇ ಅಲ್ವಾ?

ಮೊದಲು ಇದು ಹೇಗೆ ನಡೆಯುತ್ತದೆ ಎಂದು ತಿಳಿದುಕೊಂಡರೆ ಅರ್ಧ ಕೆಲಸ ಆದಂತೆ. ಪೈಲಟ್ ಎಂದರೆ ಹೆಬ್ಬೆರಳ ಉಗುರಿನಷ್ಟು ನೀಲಿ ಉರಿ. ಅದು ಸದಾ ಹತ್ತಿಕೊಂಡಿರುತ್ತದೆ. ಬಚ್ಚಲಲ್ಲಿ ನಲ್ಲಿ ಬಿಟ್ಟಾಗ ದೊಡ್ಡ ಬರ್ನರ್‌ಗೆ ಗ್ಯಾಸ್ ಹೋಗುತ್ತದೆ, ಈ ಪುಟ್ಟ ಉರಿ ಅದಕ್ಕೆ ಬೆಂಕಿ ಕೊಡುತ್ತದೆ. ಉರಿಯ ಪಕ್ಕದಲ್ಲಿ ಒಂದು ಸಣ್ಣ ಕಡ್ಡಿ ನಿಂತಿರುತ್ತದೆ. ಅದೇ ಥರ್ಮೋಕಪಲ್. ಅದರ ತುದಿ ಕಾದರೆ ಒಂದಿಷ್ಟು ಕರೆಂಟ್ ಹುಟ್ಟುತ್ತದೆ, ಸುಮಾರು 20ರಿಂದ 30 ಮಿಲಿವೋಲ್ಟ್. ಗ್ಯಾಸ್ ವಾಲ್ವ್ ತೆರೆದೇ ಇರುವಂತೆ ಅಲ್ಲಿನ ಮ್ಯಾಗ್ನೆಟ್ ಹಿಡಿದಿಡುವುದು ಅಷ್ಟೇ ಕರೆಂಟಿನಿಂದ. ಉರಿ ಆರಿದರೆ ಕಡ್ಡಿ ತಣಿಯುತ್ತದೆ, ಮ್ಯಾಗ್ನೆಟ್ ಬಿಡುತ್ತದೆ, ಗ್ಯಾಸ್ ತಾನಾಗಿ ಬಂದ್ ಆಗುತ್ತದೆ. ಮನೆಯೊಳಗೆ ಗ್ಯಾಸ್ ತುಂಬದ ಹಾಗೆ ಕಾಯುವುದು ಇದೇ. ಅದಕ್ಕೇ ಪದೇ ಪದೇ ಆರುವ ಪೈಲಟ್ ಮೇಲೆ ನನಗೆ ಸಿಟ್ಟು ಬಂದರೂ, ಆ ಏರ್ಪಾಡಿನ ಮೇಲೆ ಮಾತ್ರ ಗೌರವ ಜಾಸ್ತಿಯೇ ಆಯಿತು.

ಯಾವ ರಿಪೇರಿಗೂ ಮುಂಚೆ ಒಂದು ವಾರ ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಟ್ಟೆ. ಎಷ್ಟು ಗಂಟೆಗೆ ಹಚ್ಚಿದೆ, ಯಾವಾಗ ಆರಿತು, ಆಗ ಗಾಳಿ ಇತ್ತಾ, ಅಡುಗೆಮನೆಯ ಒಲೆ ಉರಿಯುತ್ತಿತ್ತಾ. ಬೇರೆ ಯಾವುದಕ್ಕಿಂತ ಹೆಚ್ಚು ಸಹಾಯ ಮಾಡಿದ್ದು ಇದೇ. ಪೈಲಟ್ ಹಚ್ಚುವ ಗುಂಡಿ ಒತ್ತಿ ಹಿಡಿದಾಗ ಉರಿದು, ಕೈ ಬಿಟ್ಟ ತಕ್ಷಣ ಆರಿದರೆ ಥರ್ಮೋಕಪಲ್ ಮೇಲೆ ಅನುಮಾನ. ಗಂಟೆಗಟ್ಟಲೆ ಚೆನ್ನಾಗಿ ಉರಿದು ಗಾಳಿ ಬೀಸಿದ ರಾತ್ರಿ ಮಾತ್ರ ಆರಿದರೆ ಗಾಳಿಯ ತೊಂದರೆ. ಉರಿಯೇ ಹಳದಿಯಾಗಿ, ಬಾಡಿದ ಹಾಗೆ ಇದ್ದರೆ ಜೆಟ್, ಅಂದರೆ ಪೈಲಟ್‌ಗೆ ಗ್ಯಾಸ್ ಬಿಡುವ ಸಣ್ಣ ಹಿತ್ತಾಳೆ ಮೂತಿ, ಕಟ್ಟಿಕೊಂಡಿದೆ. ನಮ್ಮ ಕ್ಯಾಲೆಂಡರಿನಲ್ಲಿ ಮೂರೂ ಇದ್ದವು. ಅದಕ್ಕೇ ಒಂದನ್ನು ಸರಿ ಮಾಡಿದರೆ ಇನ್ನೊಂದು ಮುಂದೆ ಬರುತ್ತಿತ್ತು.

ಮೊದಲು ಜೆಟ್ ಸ್ವಚ್ಛ ಮಾಡಿದೆ. ಇಲ್ಲಿ ನಾನೊಂದು ತಪ್ಪು ಮಾಡಿದೆ, ನೀವು ಮಾಡಬೇಡಿ. ಜೆಟ್ಟಿನ ತೂತು ಕೂದಲಿನಷ್ಟು ಸಣ್ಣದು. ಅದರೊಳಗೆ ಹೊಲಿಗೆಯ ಸೂಜಿ ಹಾಕಿ ಚುಚ್ಚಿದೆ. ಹಿತ್ತಾಳೆ ಮೆತ್ತಗಿನ ಲೋಹ, ತೂತು ಅಗಲವಾಯಿತು. ಉರಿ ಉದ್ದವಾಗಿ ಹಳದಿಗೆ ತಿರುಗಿತು. ಎರಡೇ ದಿನದಲ್ಲಿ ಒಳಗೆಲ್ಲ ಮಸಿ ಹಿಡಿಯಿತು. ಬೇರೆ ಜೆಟ್ ತರಿಸಬೇಕಾಯಿತು. ಹೊಸದನ್ನು ಹಾಕುವಾಗ ಗಾಳಿ ಎಳೆದುಕೊಳ್ಳುವ ಪಕ್ಕದ ತೂತುಗಳನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದೆ. ಒಳಗಿಂದ ಜೇಡರ ಬಲೆ ಉಂಡೆಯಾಗಿ ಬಂತು. ಅದು ಹೋದ ಮೇಲೆ ಉರಿ ಗಟ್ಟಿಯಾಗಿ ನೀಲಿಯಾಯಿತು. ಖರ್ಚು ಕಡಿಮೆ, ಒಂದು ತಾಸಿನ ಕೆಲಸ. ಮಳೆಗಾಲಕ್ಕೆ ಮುಂಚೆ, ಮೇ ಕೊನೆಗೆ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ. ಆದರೆ ಇದೊಂದರಿಂದಲೇ ನಮ್ಮ ತೊಂದರೆ ಮುಗಿಯಲಿಲ್ಲ. ರಾತ್ರಿ ಆರುವುದು ನಾಲ್ಕರಿಂದ ಎರಡಕ್ಕೆ ಇಳಿಯಿತು, ಅಷ್ಟೇ.

ಎರಡನೆಯದು ಥರ್ಮೋಕಪಲ್. ಓಣಿಯಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಮಾಡುವ ಹುಡುಗ ಮಲ್ಟಿಮೀಟರ್ ತಂದು ನೋಡಿದ. ಉರಿ ಚೆನ್ನಾಗಿ ತಾಗುತ್ತಿದ್ದರೂ 9 ಮಿಲಿವೋಲ್ಟ್ ದಾಟಲಿಲ್ಲ. ವಾಲ್ವಿಗೆ ಸೇರುವ ತುದಿಯಲ್ಲಿ ಹಸಿರು ಕಿಲುಬು ಹಿಡಿದಿತ್ತು. ನಯವಾದ ಸ್ಯಾಂಡ್ ಪೇಪರ್‌ನಿಂದ ಉಜ್ಜಿದಾಗ 14ಕ್ಕೆ ಏರಿತು, ಹತ್ತು ದಿನ ನಡೆಯಿತು, ಮತ್ತೆ ಅದೇ ಕಥೆ. ಕೊನೆಗೆ ಹೊಸದನ್ನೇ ಹಾಕಿದೆವು. ಕಾರವಾರದಲ್ಲಿ ಅಳತೆಗೆ ಸರಿಯಾದದ್ದು ಸಿಗಲಿಲ್ಲ. ಇವರು ರೈಲು ಹತ್ತಿ ಮಡಗಾಂವಕ್ಕೆ ಹೋಗಿ, ಹಳೆಯದನ್ನು ತೋರಿಸಿ ತಂದರು. ₹350 ಆಯಿತು.

ಇದನ್ನು ಹಾಕುವಾಗ ಎರಡು ವಿಷಯ ನೋಡಿಕೊಳ್ಳಬೇಕು. ಕಡ್ಡಿಯ ತುದಿಯ ಸುಮಾರು ಒಂದು ಸೆಂಟಿಮೀಟರ್ ಭಾಗ ಉರಿಯೊಳಗೆ ಇರಬೇಕು. ಪಕ್ಕಕ್ಕೆ ಸರಿದರೆ ಹೊಸದೂ ಹಳೆಯದರ ಹಾಗೇ ಆಡುತ್ತದೆ. ಇನ್ನೊಂದು, ನಟ್ಟನ್ನು ಕೈಯಿಂದ ಬಿಗಿ ಮಾಡಿ, ಆಮೇಲೆ ಪಾನಾದಿಂದ ಕಾಲು ಸುತ್ತು ಮಾತ್ರ ತಿರುಗಿಸಬೇಕು. ಜಾಸ್ತಿ ಬಿಗಿದರೆ ತುದಿ ಹಾಳಾಗುತ್ತದೆ. ಹೊಸದು 27 ಮಿಲಿವೋಲ್ಟ್ ತೋರಿಸಿತು. ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು ಬಿಟ್ಟರೆ ಸಾಕು, ಉರಿ ನಿಲ್ಲುತ್ತದೆ. ಮುಂಚೆ ಎರಡು ನಿಮಿಷ ಒತ್ತಿದರೂ ನಿಲ್ಲುತ್ತಿರಲಿಲ್ಲ. ಮೂರು ರಿಪೇರಿಗಳಲ್ಲಿ ಯಾವುದಾದರೂ ಒಂದನ್ನೇ ಮಾಡಿಸಲು ಸಾಧ್ಯ ಎನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಇಲ್ಲೊಂದು ಮಾತು ಹೇಳಲೇಬೇಕು. ಥರ್ಮೋಕಪಲ್ ತರಿಸುವ ಮುಂಚೆ ಬಂದಿದ್ದ ರಿಪೇರಿಯವರೊಬ್ಬರು, ‘ಗುಂಡಿ ಒತ್ತಿದ ಹಾಗೇ ಒಂದು ತಂತಿ ಕಟ್ಟಿಬಿಡ್ತೇನೆ ಅಕ್ಕಾ, ಆಮೇಲೆ ಆರೋದೇ ಇಲ್ಲ’ ಎಂದರು. ನಾನು ಕೈಮುಗಿದು ಬೇಡ ಎಂದೆ. ಹಾಗೆ ಕಟ್ಟಿದರೆ ಉರಿ ಆರಿದ ಮೇಲೂ ಗ್ಯಾಸ್ ಬರುತ್ತಲೇ ಇರುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ. ಮೇಲೆ ಹಾರಿ ಹೋಗದೆ ನೆಲದ ಮೇಲೆ, ಮೂಲೆಯಲ್ಲಿ ಕೂರುತ್ತದೆ. ಬೆಳಿಗ್ಗೆ ಅತ್ತೆ ಬಂದು ಲೈಟ್ ಸ್ವಿಚ್ ಹಾಕಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಮೈ ನಡುಗುತ್ತದೆ. ಯಾರು ಎಷ್ಟು ಧೈರ್ಯ ಹೇಳಿದರೂ ಇದಕ್ಕೆ ಒಪ್ಪಬೇಡಿ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆಗೆದು ಹೊರಗೆ ಬನ್ನಿ. ಅಲ್ಲಿಂದ 1906ಕ್ಕೆ ಫೋನ್ ಮಾಡಿ.

ಮೂರನೆಯದು ಗಾಳಿ. ನಮ್ಮ ಗೀಸರ್ ಇರುವುದು ಬಚ್ಚಲಿನ ಹೊರಗೆ, ಹಿಂದಿನ ಜಗುಲಿಯ ಗೋಡೆಗೆ. ಒಳಗೆ ಇಡಲೇಬಾರದು. ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ, ಅದಕ್ಕೆ ವಾಸನೆಯೂ ಇಲ್ಲ ಬಣ್ಣವೂ ಇಲ್ಲ. ಸ್ನಾನಕ್ಕೆ ಹೋದವರು ಜೀವ ಕಳೆದುಕೊಂಡ ಸುದ್ದಿ ಪ್ರತಿ ಚಳಿಗಾಲ ಓದುತ್ತೇವೆ. ಹೊರಗಿರುವುದು ಸರಿ, ಆದರೆ ನಮ್ಮ ಜಗುಲಿ ಪಶ್ಚಿಮಕ್ಕೆ ತೆರೆದಿದೆ. ಸಮುದ್ರದ ಕಡೆಯಿಂದ ಬೀಸುವ ಜುಲೈ ಗಾಳಿ ನೇರ ಹೊಗೆ ಕೊಳವೆಗೇ ನುಗ್ಗುತ್ತಿತ್ತು. ಒಂದು ಚೀಲ ಕಟ್ಟಿ ಮುಚ್ಚಿಬಿಡೋಣ ಎಂದು ಇವರು ಹೇಳಿದರು. ಹಾಗೆ ಮಾಡಬಾರದು, ಉರಿಗೆ ಗಾಳಿ ಬೇಕು, ಹೊಗೆಗೆ ದಾರಿ ಬೇಕು. ಕೊಳವೆಯ ಬಾಯಿಗೆ ಸುತ್ತಲೂ ತೆರೆದಿರುವ ತಗಡಿನ ಟೋಪಿ ಮಾಡಿಸಿದೆವು. ಗೀಸರಿನಿಂದ ಒಂದೂವರೆ ಅಡಿ ದೂರಕ್ಕೆ, ಮೇಲೆ ಕೆಳಗೆ ಜಾಗ ಬಿಟ್ಟು, ಒಂದು ತಗಡು ಅಡ್ಡ ನಿಲ್ಲಿಸಿದೆವು. ಅಲ್ಲಿಂದ ಮುಂದೆ ಆರಿದ್ದು ಒಂದೇ ಸಲ. ಆ ದಿನ ಸಿಲಿಂಡರ್ ಖಾಲಿಯಾಗುತ್ತಾ ಬಂದಿತ್ತು. ತಳ ಮುಟ್ಟುವ ಹೊತ್ತಿಗೆ ಒತ್ತಡ ಇಳಿದು ಪೈಲಟ್ ಸಣ್ಣಗಾಗುತ್ತದೆ, ಅದು ಗೀಸರಿನ ತಪ್ಪಲ್ಲ.

ಇಷ್ಟೆಲ್ಲ ಯಾಕೆ, ಹೊಸ ಬ್ಯಾಟರಿ ಗೀಸರ್ ತಂದರಾಯಿತು ಎಂದು ನಾದಿನಿ ಹೇಳಿದಳು. ಅದನ್ನೂ ನೋಡಿದ್ದೇನೆ, ಎರಡು ಕಡೆ. ಶಿರಸಿ ಹತ್ತಿರದ ನನ್ನ ತವರಿನಲ್ಲಿ ಒಂದಿದೆ, ಬೈತಕೋಲಿನ ನಾದಿನಿಯ ಮನೆಯಲ್ಲಿ ಒಂದಿದೆ. ಇದರಲ್ಲಿ ಪೈಲಟ್ ಇಲ್ಲ. ನಲ್ಲಿ ಬಿಟ್ಟಾಗ ಎರಡು ದಪ್ಪ ಸೆಲ್‌ಗಳಿಂದ ಕಿಡಿ ಹಾರಿ ಬರ್ನರ್ ಹತ್ತುತ್ತದೆ. ಗ್ಯಾಸ್ ಉಳಿತಾಯದಲ್ಲಿ ಇದನ್ನು ನಮ್ಮ ಹಳೆಯದು ಮುಟ್ಟಲಾರದು. ಒಂದು ಶನಿವಾರ ಭಾನುವಾರ ಬಿಸಿನೀರೇ ಬಳಸದೆ, ಬರೀ ಪೈಲಟ್ ಉರಿಸಿ, ಸಿಲಿಂಡರ್ ತೂಕ ಮಾಡಿ ನೋಡಿದೆ. ಎರಡು ದಿನಕ್ಕೆ ಹೆಚ್ಚುಕಡಿಮೆ ಅರ್ಧ ಕೆಜಿ ಇಳಿದಿತ್ತು. ಸಿಲಿಂಡರಿನಲ್ಲಿ ಇರುವುದೇ 14.2 ಕೆಜಿ. ಸ್ನಾನಕ್ಕಿಂತ ಪೈಲಟ್ ಸುಮ್ನೆ ಉರಿಯುತ್ತಾ ಕೂರುವುದಕ್ಕೇ ಜಾಸ್ತಿ ಗ್ಯಾಸ್ ಹೋಗುತ್ತಿತ್ತು! ಅವತ್ತಿನಿಂದ ರಾತ್ರಿ ಮಲಗುವ ಮುಂಚೆ ಹಚ್ಚಿ, ಬೆಳಿಗ್ಗೆ ಎಲ್ಲರ ಸ್ನಾನ ಮುಗಿದ ಮೇಲೆ ಬಂದ್ ಮಾಡುತ್ತೇನೆ.

ತವರಿನಲ್ಲಿ ಬ್ಯಾಟರಿ ಗೀಸರ್ ಎರಡು ವರ್ಷದಿಂದ ತೊಂದರೆ ಕೊಟ್ಟಿಲ್ಲ. ಅಲ್ಲಿ ನೀರಿನ ಟ್ಯಾಂಕ್ ಗುಡ್ಡದ ಮೇಲಿದೆ, ಒತ್ತಡ ಚೆನ್ನಾಗಿದೆ. ಮೂರ್ನಾಲ್ಕು ತಿಂಗಳಿಗೆ ಸೆಲ್ ಬದಲಿಸಿದರೆ ಮುಗಿಯಿತು. ಬೈತಕೋಲಿನಲ್ಲಿ ಮೊದಲ ಮಳೆಗಾಲಕ್ಕೇ ಸೆಲ್ ಕೂರಿಸುವ ಲೋಹದ ಪಟ್ಟಿಗಳಿಗೆ ತುಕ್ಕು ಹಿಡಿಯಿತು. ಟಿಕ್ ಟಿಕ್ ಎಂದು ಸದ್ದು, ಉರಿ ಮಾತ್ರ ಇಲ್ಲ. ಅವರ ಟ್ಯಾಂಕ್ ತಾರಸಿಗೆ ತಾಗಿಕೊಂಡೇ ಇದೆ. ನೀರು ಸಣ್ಣಗೆ ಬಂದರೆ ಒಳಗಿನ ಸ್ವಿಚ್ ಏಳುವುದೇ ಇಲ್ಲ. ಒಂದೇ ಬಗೆಯ ಗೀಸರ್, ಘಟ್ಟದ ಮೇಲೆ ಒಂದು ಥರ, ಕಡಲ ಬದಿಯಲ್ಲಿ ಇನ್ನೊಂದು ಥರ. ಶಿರಸಿ ಕಡೆಯವರು ಕೇಳಿದರೆ ಯೋಚಿಸದೆ ಬ್ಯಾಟರಿಯದನ್ನೇ ತನ್ನಿ ಎನ್ನುತ್ತೇನೆ. ಕಾರವಾರದವರಾದರೆ ಮೊದಲು ಟ್ಯಾಂಕಿನ ಎತ್ತರ ನೋಡಿ, ತಿಂಗಳಿಗೊಮ್ಮೆ ಸೆಲ್ ತೆಗೆದು ಒರೆಸುವ ತಾಳ್ಮೆ ಇದೆಯಾ ನೋಡಿ. ಗೋಬರ್ ಗ್ಯಾಸಿಗೆ ಇದನ್ನು ಜೋಡಿಸಬಹುದಾ ಎಂದು ಊರಲ್ಲಿ ಕೇಳುತ್ತಾರೆ. ಹಾಗೇ ಜೋಡಿಸಲು ಬರುವುದಿಲ್ಲ. ಆ ಗ್ಯಾಸಿನ ಕಾವು ಕಡಿಮೆ, ಜೆಟ್ ಬೇರೆಯೇ ಬೇಕು.

ಕರೆಂಟ್ ಗೀಸರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 15 ಲೀಟರಿನದು, 2 ಕಿಲೋವ್ಯಾಟ್, ಸುಮಾರು 20 ನಿಮಿಷದಲ್ಲಿ ಕಾಯುತ್ತದೆ, ಮುಕ್ಕಾಲು ಯುನಿಟ್ ಒಳಗೇ ಆಗುತ್ತದೆ. ಕರೆಂಟ್ ಇದ್ದರೆ ಇದಕ್ಕಿಂತ ಸುಲಭ ಯಾವುದೂ ಇಲ್ಲ. ನಮ್ಮಲ್ಲಿ ಮಳೆಗಾಲದ ಬೆಳಗಿನ ಐದಕ್ಕೆ ಕರೆಂಟ್ ಇರುತ್ತದೆ ಎಂದು ನಂಬಿ ಕೂರಲು ಆಗುವುದಿಲ್ಲ. ಸೋಲಾರ್ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಸರಿಗೆ ಮಾತ್ರ.

ತವರಿನಿಂದ ಆಯಿ ಫೋನಿನಲ್ಲಿ ಇದನ್ನೆಲ್ಲ ಕೇಳಿ, ‘ಎಂತಕ್ಕೆ ಇಷ್ಟೆಲ್ಲ ತಲೆಬಿಸಿ ಮಾಡ್ಕತ್ತೆ, ಹಂಡೆಗೆ ಬೆಂಕಿ ಹಾಕು’ ಎಂದಳು. ಹಂಡೆ ನೀರಿನ ಸ್ನಾನದ ಹಿತವೇ ಬೇರೆ, ಅದನ್ನು ನಾನೂ ಒಪ್ಪುತ್ತೇನೆ. ತವರಿನ ಬಚ್ಚಲಮನೆಯಲ್ಲಿ ಸೋಗೆ, ತೆಂಗಿನ ಸಿಪ್ಪೆ, ಕರಟ ಹಾಕಿ ಉರಿಸಿದರೆ ಮಧ್ಯಾಹ್ನದವರೆಗೂ ನೀರು ಬೆಚ್ಚಗಿರುತ್ತದೆ. ಅಲ್ಲಿ ಗ್ಯಾಸ್ ಗೀಸರ್ ಇದ್ದರೂ ಹಬ್ಬದ ದಿನ ಹಂಡೆಯೇ. ಆದರೆ ಕೋಡಿಬಾಗದ ಐದು ಸೆಂಟ್ಸ್ ಜಾಗದಲ್ಲಿ ಒಣಸೌದೆ ಎಲ್ಲಿ ಇಡುವುದು? ಹೊಗೆಗೆ ಅತ್ತೆಯ ಉಬ್ಬಸವೂ ಏಳುತ್ತದೆ.

ಹಾಗಾಗಿ ನಮ್ಮ ಮನೆಗೆ ಹಳೆಯ ಪೈಲಟ್ ಗೀಸರೇ ಉಳಿಯಿತು. ಹೊಸ ಜೆಟ್, ಹೊಸ ಥರ್ಮೋಕಪಲ್, ತಗಡಿನ ಟೋಪಿ ಎಲ್ಲ ಸೇರಿ ಹೊಸ ಗೀಸರಿನ ಕಾಲು ಭಾಗದಷ್ಟೂ ಖರ್ಚಾಗಲಿಲ್ಲ. ಕೆಲಸ ಮುಗಿದ ಮೇಲೆ ಪ್ರತಿ ಜೋಡಣೆಗೂ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದಾ ನೋಡಿದೆ. ಐದು ವರ್ಷ ದಾಟಿದ್ದ ರಬ್ಬರ್ ಪೈಪನ್ನೂ ಅದೇ ದಿನ ಬದಲಿಸಿದೆ. ಮಡಗಾಂವದಿಂದ ತರಿಸಿದ್ದು ಎರಡು ಥರ್ಮೋಕಪಲ್. ಇನ್ನೊಂದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಉಪ್ಪುಗಾಳಿ ತಾಗದ ಹಾಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಟ್ಟಿದ್ದೇನೆ. ಕ್ಯಾಲೆಂಡರಿನ ಆಗಸ್ಟ್ ಪುಟದಲ್ಲಿ ಈವರೆಗೆ ಒಂದೇ ಗುರುತು ಇದೆ, ಸಿಲಿಂಡರ್ ಮುಗಿದ ದಿನದ್ದು. ಅತ್ತೆ ಈಗ ಸ್ನಾನ ಮುಗಿಸಿ ಬಂದು, ನಾನು ಏಳುವಷ್ಟರಲ್ಲಿ ಚಹಾಕ್ಕೆ ನೀರಿಟ್ಟಿರುತ್ತಾರೆ.